ಎರಡು ಬಾಯಿಯ ಮೋಟಾರು, ಔರಾದದ ಕುಸ್ತಿ

ಬೀದರ

ಪರದೇಶಕ್ಕೆ ಹೋಗಿಬಂದೆ ಎಂದರೆ ನಮ್ಮ ಮೈಸೂರಿನವರು ಕೂಡಲೇ ಹಡಗಿನ ಸುದ್ದಿ ಕೇಳುತ್ತಾರೆ. ನಾನು ಹಡಗು ಹತ್ತಲಿಲ್ಲ. ರೈಲಿನಲ್ಲಿಯೇ ಕೂತು, ನಿಜಾಮರ ಸೀಮೆ ಹೊಕ್ಕು, ಬೀದರದಲ್ಲಿ ಇಳಿದೆ. ಅಷ್ಟಕ್ಕೇ ನಾಣ್ಯ ಬದಲಾಗಿತ್ತು, ಟಪಾಲಿನ ಚೀಟಿ ಬದಲಾಗಿತ್ತು, ನಿಲ್ದಾಣದ ಹಲಗೆಯ ಮೇಲೆ ಅಕ್ಷರಗಳು ಬಲದಿಂದ ಎಡಕ್ಕೆ ಓಡುತ್ತಿದ್ದವು. ಕನ್ನಡವೊಂದು ನಮ್ಮದೇ ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಟಾಂಗಾದವನು ಬಾಯಿ ತೆರೆದ. ಅವನು ಹೇಳಿದ್ದರಲ್ಲಿ ಅರ್ಧ ನನಗೆ ತಿಳಿಯಲಿಲ್ಲ. ನಾನು ಹೇಳಿದ್ದು ಅವನಿಗೆ ಅಷ್ಟೂ ತಿಳಿದಂತೆ ಕಾಣಲಿಲ್ಲ.

ಜೊತೆಯಲ್ಲಿದ್ದವನು ಪೈಲ್ವಾನ ಪುಟ್ಟಸ್ವಾಮಿ. ನಾನು ಮೈಸೂರಿನಲ್ಲಿ ಸಣ್ಣದೊಂದು ಅಚ್ಚುಕೂಟ ನಡೆಸುವವನು. ಮೈ ಸಣಕಲು, ಬಾಯಿ ದೊಡ್ಡದು. ಕುಸ್ತಿಯ ಹುಚ್ಚಿನಿಂದ ನಮ್ಮ ಬೀದಿಯ ಗರಡಿಮನೆಗೆ ಯಜಮಾನನಾಗಿದ್ದೆ. ಬೀದರದ ವಕೀಲ ಬಸವಂತರಾಯರು ಒಮ್ಮೆ ಮೈಸೂರಿಗೆ ಬಂದಾಗ ಪುಟ್ಟಸ್ವಾಮಿಯ ಪಟ್ಟು ನೋಡಿ ಮರುಳಾಗಿ, ನಮ್ಮ ಔರಾದಕ್ಕೆ ಬರಲೇಬೇಕು ಎಂದು ಹಿಡಿದುಕೊಂಡಿದ್ದರು. ಸುಗ್ಗಿ ಶುರುವಾಗುವ ಹೊತ್ತಿಗೆ ಅಲ್ಲಿ ದೊಡ್ಡ ಕುಸ್ತಿ ನಡೆಯುತ್ತದೆ. ಗೆದ್ದವನಿಗೆ ಬೆಳ್ಳಿಯ ಕಡಗ.

ಸಂಜೆ ಚಹಾ ಕುಡಿಯುವಾಗ ವಕೀಲರು ಧ್ವನಿ ತಗ್ಗಿಸಿದರು.

“ಒಂದು ಮಾತು ಮೊದಲೇ ಹೇಳಿಬಿಡ್ತೇನಿ ನೋಡ್ರಿ. ಹ್ವಾದ ವರ್ಷ ಪರವೂರಿನ ಪೈಲ್ವಾನ ಒಬ್ಬಾಂವ ಬರ್ತೇನಿ ಅಂದು ಬರಲಿಲ್ಲ. ಮಂದಿ ಇನ್ನಾ ನಗ್ತಾರ. ಹೊತ್ತು ಮುಳುಗೂದರೊಳಗ ಅಖಾಡದಾಗ ನಿಂತಿರಬೇಕು. ನಿಲ್ಲಲಿಲ್ಲಂದ್ರ ಎದುರಿನಾಂವಗ ಕಡಗ ಹಾಕಿಬಿಡ್ತಾರ. ಹೊರಗಿನಾಂವ ಅಂಜಿ ಓಡಿದ ಅಂತ ಊರೂರಿಗಿ ಸುದ್ದಿ ಹೋಗ್ತದ.”

ಪುಟ್ಟಸ್ವಾಮಿ ತನ್ನ ಕತ್ತು ತಿರುಗಿಸಿ ಲಟಕ್ಕೆನಿಸಿದ. “ಓಡೋ ಮೈ ನೋಡಿ ಸ್ವಾಮಿ ಇದು,” ಎಂದ.

ಹಾಗೆಂದನಾದರೂ ಆ ರಾತ್ರಿಯಿಂದ ಅವನಿಗೆ ಅದೊಂದೇ ಚಿಂತೆ. ಬೆಳಿಗ್ಗೆ ನಾನು ಕೋಟೆ ನೋಡಲು ಬಾರೋ ಎಂದು ಕರೆದರೆ, ಕೋಟೆಯ ಬುಡದಲ್ಲಿ ಕೂತು ಕೆಂಪು ಮಣ್ಣನ್ನು ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿದ. ಅಷ್ಟು ದೊಡ್ಡ ಬಾಗಿಲು, ಆ ಮಿನಾರು, ಆ ಬಣ್ಣದ ಹೆಂಚಿನ ಕೆಲಸ, ಯಾವುದಕ್ಕೂ ತಲೆ ಎತ್ತಲಿಲ್ಲ. “ಮಣ್ಣು ಚೆನ್ನಾಗದೆ ಯಜಮಾನ್ರೇ. ಔರಾದಲ್ಲೂ ಇದೇ ಹಾಕಿರ್ತಾರಾ?” ಎಂದು ಕೇಳಿದ. ಬೀದರದ ವರ್ಣನೆಯನ್ನು ಅವನಿಂದ ಕೇಳಿದವರಿಗೆ ಊರೆಂದರೆ ಬರೀ ಮಣ್ಣು ಎನ್ನಿಸಿದರೆ ಆಶ್ಚರ್ಯವಿಲ್ಲ.

ಭಾಲ್ಕಿ

ವಕೀಲರಿಗೆ ಒಂದು ಮೋಟಾರು ಇತ್ತು. ಮೇಲೆ ಮಡಿಸುವ ಬಟ್ಟೆಯ ಮಾಡು, ಪಕ್ಕಕ್ಕೆ ಹಿತ್ತಾಳೆಯ ಕೊಂಬು. ನಡೆಸುವವರು, ಒರೆಸುವವರು, ಕೆಟ್ಟರೆ ಬಿಚ್ಚುವವರು ಎಲ್ಲವೂ ಅವರೇ. ಕೋರ್ಟಿಗೆ ಹೋಗುವಾಗಲೂ ಅವರ ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು ಇರುತ್ತದೆಂದು ಬೀದರದಲ್ಲಿ ತಮಾಷೆ ಮಾಡುತ್ತಾರೆ.

ಬೀದರದ ದಿಬ್ಬ ಇಳಿಯುತ್ತಲೇ ಕೆಂಪು ನೆಲ ಮುಗಿದು ಕರಿ ನೆಲ ಶುರುವಾಗುತ್ತದೆ. ಹಲಬರ್ಗಾದಲ್ಲಿ ಮೋಟಾರು ಸ್ವಲ್ಪ ಆರಲೆಂದು ನಿಲ್ಲಿಸಿದೆವು. ಹೊಲದಿಂದ ಬರುತ್ತಿದ್ದ ಒಬ್ಬ ಮುದುಕರು ಯಾರು, ಏನು ಎಂದೂ ಕೇಳದೆ ಹಸಿಗಡಲೆಯ ಗಿಡಗಳನ್ನು ನನ್ನ ಮಡಿಲಿಗೆ ಹಾಕಿ ನಡೆದೇಬಿಟ್ಟರು. ನಮ್ಮ ಕಡೆ ಕೊಡುವವರು ಮೊದಲು ಕುಲಗೋತ್ರ ಕೇಳುತ್ತಾರೆ, ಆಮೇಲೆ ಕೊಡುವುದನ್ನು ಮರೆಯುತ್ತಾರೆ. ಪುಟ್ಟಸ್ವಾಮಿ ಭಾಲ್ಕಿ ಬರುವವರೆಗೆ ಕಡಲೆ ತಿಂದ.

ಭಾಲ್ಕಿಯಲ್ಲಿ ರಾತ್ರಿ ಇಳಿದದ್ದು ವಕೀಲರ ಗೆಳೆಯರಾದ ವ್ಯಾಪಾರಿಗಳೊಬ್ಬರ ಮನೆ. ಧೂಳಿನಿಂದ ನನ್ನ ಗಂಟಲು ಒಣಗಿ ಹೋಗಿತ್ತು. ನಾವು ಇಳಿಯುವ ಹೊತ್ತಿಗೇ ಕುದುರೆಯ ಮೇಲೆ ಇನ್ನೊಬ್ಬ ನೆಂಟರು ಬಂದರು. ಮನೆಯ ಯಜಮಾನರು ತುಂಬಿದ ಕೊಡ ಹಿಡಿದು ಹೊರಗೆ ಬಂದದ್ದನ್ನು ನೋಡಿ ನಾನು ಕೈಯೊಡ್ಡಿದೆ. ಅವರು ನನ್ನನ್ನು ಹಾದು ನೇರ ಕುದುರೆಯ ಹತ್ತಿರ ಹೋದರು.

“ತಪ್ಪು ತಿಳಕೋಬ್ಯಾಡ್ರಿ,” ಎಂದು ವಕೀಲರು ನಕ್ಕರು. “ನಮ್ಮ ಕಡಿ ಇದು ರಿವಾಜು. ಮೆಹಮಾನರ ಜಾನುವಾರ ಕುಡಿದ ಮ್ಯಾಲೇ ಮೆಹಮಾನರಿಗಿ. ಅದೂ ಮನಿ ಹಿರಿಯಾರೇ ಕುಡಿಸಬೇಕು. ಅದು ಬಾಯಿಬಿಟ್ಟು ಕೇಳೂದಿಲ್ಲಲ್ಲ.”

ನಾನು ಬಾಯಿಬಿಟ್ಟು ಕೇಳಿದರೂ ಆಮೇಲೆಯೇ ಸಿಕ್ಕಿತು. ಆದರೆ ಆ ನೀರು ಎಂಥ ನೀರು! ಬಿಳಿ ಬಟ್ಟೆಯಲ್ಲಿ ಸೋಸಿ, ತಾಮ್ರದ ತಂಬಿಗೆಯಲ್ಲಿ ತಂಪಾಗಿ ಇಟ್ಟಿದ್ದು. ಕುಡಿದ ಮೇಲೆ ನನ್ನ ಸಿಟ್ಟು ಇಳಿಯಿತು.

ಮಾಂಜ್ರಾ ಹೊಳೆ

ಮರುದಿನ ಬೆಳಿಗ್ಗೆ ಮಾಂಜ್ರಾ ದಾಟಬೇಕು. ಹೊಳೆಯಲ್ಲಿ ನೀರು ಮೊಣಕಾಲಿಗಿಂತ ಸ್ವಲ್ಪ ಮೇಲೆ; ಎತ್ತಿಗೆ ಆಟ, ಮೋಟಾರಿಗೆ ಕಂಟಕ. ವಕೀಲರು ಅಂಗಿ ಕಳಚಿ ಕೆಲಸಕ್ಕೆ ನಿಂತರು. ಇಂಜಿನು ಆರಿಸಿದರು. ಬೀಸಣಿಗೆ ತಿರುಗಿಸುವ ಪಟ್ಟಿ ಬಿಚ್ಚಿದರು. ಮುಂದಿನ ಜಾಲರಿಗೆ ಮೇಣಬಟ್ಟೆ ಕಟ್ಟಿ, ಹೊಗೆಕೊಳವೆಯ ಬಾಯಿಗೆ ಚಿಂದಿ ತುರುಕಿ, ಹಸುಗೂಸಿಗೆ ಕುಲಾವಿ ಕಟ್ಟಿದ ಹಾಗೆ ಎಲ್ಲವನ್ನೂ ಮುಚ್ಚಿದರು.

“ಇಂಜಿನದೊಳಗ ಒಂದು ತಟುಕು ನೀರು ಹೋಗಬಾರದು,” ಎಂದು ನನಗೆ ಪಾಠ ಹೇಳಿದರು. “ಅದರ ಹೊಟ್ಟ್ಯಾಗ ಎಣ್ಣಿ ಇರ್ತದ. ಎಣ್ಣ್ಯಾಗ ನೀರು ಕೂಡಿತಂದ್ರ ಕಬ್ಬಿಣಕ್ಕ ಕಬ್ಬಿಣ ತಿಕ್ಕಿ ಎಲ್ಲಾ ಖತಮ್.”

ದಡದ ರೈತರೊಬ್ಬರು ಹೂಡಿಕೊಟ್ಟ ಎತ್ತುಗಳು ಹಗ್ಗ ಜಗ್ಗಿದವು. ಪುಟ್ಟಸ್ವಾಮಿ ತಳ್ಳಲು ಪಂಚೆ ಎತ್ತಿಕಟ್ಟಿದ. ನಾನು ಕೂಗಿಕೊಂಡೆ. ಸಂಜೆಗೆ ಕುಸ್ತಿ ಇಟ್ಟುಕೊಂಡವನು ಮೋಟಾರು ತಳ್ಳುವುದೇ? ಅವನ ಮೈಯ ಒಂದೊಂದು ಹಿಡಿ ಶಕ್ತಿಗೂ ನಾನು ಕಾವಲು. ಹಾಗಾಗಿ ಆ ಹೊಳೆಯಲ್ಲಿ ಒಂದು ಅಪರೂಪದ ನೋಟ ನಡೆಯಿತು. ಗುಂಪಿನಲ್ಲೆಲ್ಲ ಬಲಿಷ್ಠನಾದವನು ಮೋಟಾರಿನೊಳಗೆ ಕೂತಿದ್ದ. ಸಣಕಲು ಕೈಯ ನಾನು ಹಿಂದಿನಿಂದ ತಳ್ಳುತ್ತಿದ್ದೆ. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು.

ದಾಟಿದ ಮೇಲೆ ವಕೀಲರು ಎಲ್ಲ ಬಿಚ್ಚಿ ನೋಡಿದರು. ಒಳಗೆ ಒಂದು ಹನಿ ನೀರಿಲ್ಲ! ಇಂಜಿನು ಮೊದಲ ತಿರುವಿಗೇ ಗುಡುಗಿತು. ನಾವು ಮೂವರೂ ಹುಡುಗರ ಹಾಗೆ ಕೂಗಾಡಿದೆವು. ಇನ್ನು ಔರಾದ ಗೆದ್ದಂತೆಯೇ ಎಂದು ನಾನು ಎದೆಯುಬ್ಬಿಸಿದೆ.

ಸಂತಪುರ

ಮಧ್ಯಾಹ್ನದ ಊಟ ಸಂತಪುರದಲ್ಲಿ, ವಕೀಲರ ಸೋದರಮಾವ ಕಾಶಪ್ಪನವರ ಮನೆಯಲ್ಲಿ. ಹಣೆ ತುಂಬ ವಿಭೂತಿ, ತಲೆ ತುಂಬ ರುಮಾಲು, ಮನೆ ತುಂಬ ಜನ. ಅಂಗಳದ ಬೇವಿನ ಮರಕ್ಕೆ ಒಂದು ತಟ್ಟು ಕುದುರೆ ಕಟ್ಟಿತ್ತು. ಅದರ ಪಕ್ಕದಲ್ಲಿ, ಅದಕ್ಕಿಂತ ದೊಡ್ಡದಾಗಿ ಒಬ್ಬ ಮನುಷ್ಯ ನಿಂತಿದ್ದ.

“ಈತ ಮಾಳಪ್ಪ,” ಎಂದರು ಕಾಶಪ್ಪನವರು. “ನಮ್ಮೂರ ಕುರಿ ಕಾಯೋರ ಮನಿಯಾಂವ. ಇವತ್ತು ನಿಮ್ಮ ಪೈಲ್ವಾನನ ಸಂಗಟ ಕುಸ್ತಿ ಹಿಡಿಯಾಂವ ಇವನೇ. ಇಬ್ಬರೂ ನಮ್ಮ ಮನ್ಯಾಗೇ ಉಂಡು ಹೋಗ್ಲಿ ಅಂತ ಕರೆಸೀನಿ.”

ಮೈಸೂರಿನಲ್ಲಿ ಎದುರಾಳಿಗಳು ಕುಸ್ತಿಯ ಹಿಂದಿನ ವಾರದಿಂದ ಒಬ್ಬರ ಬೀದಿಯಲ್ಲಿ ಇನ್ನೊಬ್ಬರು ಕಾಲಿಡುವುದಿಲ್ಲ. ಇಲ್ಲಿ ಒಂದೇ ಪಂಕ್ತಿಯಲ್ಲಿ ಎದುರುಬದುರು ಕೂರಿಸಿದರು. ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಹೋಳಿಗೆಯ ಮೇಲೆ ಹರಿಯುವಷ್ಟು ತುಪ್ಪ. ಒಬ್ಬನ ತಟ್ಟೆಯ ಮೇಲೆ ಇನ್ನೊಬ್ಬನ ಕಣ್ಣು. ಒಬ್ಬ ಮತ್ತೊಂದು ಹೋಳಿಗೆ ಎಂದರೆ ಇನ್ನೊಬ್ಬನೂ ಕೈ ಚಾಚುತ್ತಿದ್ದ. ಕಡೆಗೆ ನಾನೇ ಇಬ್ಬರಿಗೂ ಕೈಮುಗಿದು ಎಬ್ಬಿಸಿದೆ.

ಊಟಕ್ಕೆ ಕೂರುವ ಮುಂಚೆ ನಡೆದದ್ದನ್ನು ಇಲ್ಲಿ ಹೇಳಬೇಕು. ವಕೀಲರು ಮೋಟಾರು ಆರಲೆಂದು ಮುಂದಿನ ಮುಚ್ಚಳ ಎತ್ತಿಟ್ಟು, “ಮಾಮಾ, ಕಾವು ಇಳೀಲಿಕ್ಕ ಮೋಟಾರಕ್ಕ ನೀರು ಬೇಕಾಗ್ತದ, ಇಲ್ಲಿ ಹಾಕಬೇಕು,” ಎಂದು ಜಾಲರಿಯ ಮೇಲಿನ ಬಾಯಿಯನ್ನು ತೋರಿಸಿದ್ದರು.

“ನೀ ಹೇಳಬೇಕೇನು?” ಎಂದಿದ್ದರು ಕಾಶಪ್ಪನವರು. “ನಮ್ಮ ಮನಿಗಿ ಬಂದದ್ದು ನೀರಡಿಸಿ ನಿಂದರ್ತದೇನು? ನೀವು ಕಾಲು ತೊಳಕೋರಿ.” ಅವರೇ ಬಟ್ಟೆಯಲ್ಲಿ ಸೋಸಿದ ನೀರಿನ ಕೊಡ ಹೊತ್ತು ಮೋಟಾರು ನಿಂತಿದ್ದ ಮರದ ಕಡೆ ಹೋದದ್ದನ್ನು ನಾನೂ ನೋಡಿದ್ದೆ.

ಊಟವಾಯಿತು, ಎಲೆಯಡಿಕೆಯಾಯಿತು, ಹೊರಟೆವು. ಮಾಳಪ್ಪ ತಟ್ಟು ಹತ್ತಿ ಮುಂದೆ ಹೋಗಲು ಸಿದ್ಧನಾದ. ಇಂಜಿನು ಎಬ್ಬಿಸಲು ವಕೀಲರು ಮೋಟಾರಿನ ಮುಂದಿನ ಹಿಡಿಕೆ ತಿರುವಿದರು. ಇಂಜಿನು ಗೊಳಗೊಳ ಎಂದಿತು. ಪಕ್ಕದ ಸಂದಿಯಿಂದ ಬಿಳಿ ನೊರೆ ಉಕ್ಕಿತು, ಹಿಂದಿನಿಂದ ಬಿಳಿ ಹೊಗೆ ಬಂತು, ಕೆಮ್ಮಿ ಕೆಮ್ಮಿ ನಿಂತೇಹೋಯಿತು. ವಕೀಲರು ಎಣ್ಣೆ ಅಳೆಯುವ ಕಡ್ಡಿ ಎಳೆದರು. ಕಡ್ಡಿಯ ತುಂಬ ಎಣ್ಣೆ ನೀರು ಕೂಡಿದ ಮಜ್ಜಿಗೆ!

“ಮಾಮಾ,” ಎಂದರು, ಕಡ್ಡಿಯನ್ನು ಮುಂದೆ ಚಾಚಿ. “ಎಲ್ಲಿ ನೀರು ಹಾಕಿದ್ರಿ?”

“ನೀ ತೋರಿಸಿದ ಬಾಯಿ ಲಗೂನೇ ತುಂಬಿತು. ಬಾಜೂಕ ಇನ್ನೊಂದು ಬಾಯಿ ಇತ್ತು. ಬಿರಡಿ ತೆಗೆದು ನೋಡಿದೆ, ಒಳಗ ಕತ್ತಲಾ ಕತ್ತಲ, ಖಾಲಿ. ಅದಕ್ಕೂ ಹೊಟ್ಟಿ ತುಂಬಾ ಕುಡಿಸಿದೆ.” ಕಾಶಪ್ಪನವರು ಎಲ್ಲರ ಮುಖ ನೋಡಿದರು. “ಮೂಕ ಜೀವ, ತಾನಾಗಿ ಕೇಳೂದಿಲ್ಲಲ್ಲರಿ.”

ಆ ಇನ್ನೊಂದು, ಇಂಜಿನಿಗೆ ಎಣ್ಣೆ ಹಾಕುವ ಬಾಯಿ. ಇಡೀ ಮಾಂಜ್ರಾ ಹೊಳೆ ಮಾಡಲಾರದ್ದನ್ನು ಒಂದು ಕೊಡ ಮರ್ಯಾದೆ ಮಾಡಿಬಿಟ್ಟಿತ್ತು. ನನ್ನ ಪಿತ್ತ ನೆತ್ತಿಗೇರಿತು. “ಇದೇನು ಮರ್ಯಾದೆಯೋ ಹುನ್ನಾರವೋ? ನಿಮ್ಮೂರಿನವನು ಕುದುರೆಯ ಮೇಲೆ ಹೋಗಿ ಕಡಗ ಹಾಕಿಕೊಳ್ಳಲಿ, ನಮ್ಮವನು ಇಲ್ಲಿ ಕೂತಿರಲಿ ಅಂತಲೋ?” ಎಂದು ಕೂಗಿದೆ.

ಕಾಶಪ್ಪನವರು ಖಾಲಿ ಕೊಡದ ಕಡೆ ನೋಡಿದರು. ಮಾಳಪ್ಪ ತಟ್ಟಿನಿಂದ ಇಳಿದು ನೇರ ನನ್ನ ಮುಂದೆ ಬಂದು ನಿಂತ. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ಯಜಮಾನ್ರ, ಈ ಮನೀಗಿ ಹಂಗ ಅನಬ್ಯಾಡ್ರಿ,” ಎಂದ. ಧ್ವನಿ ಮಾತ್ರ ಮೆತ್ತಗಿತ್ತು. “ನನ್ನ ತಟ್ಟು ತಗೋರಿ. ನಿಮ್ಮ ಪೈಲ್ವಾನನೇ ಹೋಗ್ಲಿ.”

“ನಾನೊಬ್ಬನೇ ಹೋಗಿ ಯಾರ್ ಜೊತೆ ಹಿಡೀಲಿ?” ಎಂದ ಪುಟ್ಟಸ್ವಾಮಿ. “ಆಗ ನೀವು ಬರಲಿಲ್ಲ, ಹೆದರಿಬಿಟ್ರಿ ಅಂತಾರೆ. ನೀವೇ ಹೋಗಿ.”

“ಕುಸ್ತಿ ಹಿಡೀಲಾರದೇ ಕಡಗ ನಾ ಕೈಗಿ ಹಾಕಂಗಿಲ್ಲ,” ಎಂದವನೇ ಮಾಳಪ್ಪ ತಟ್ಟಿನ ಬೆನ್ನಿನ ಕಂಬಳಿ ತೆಗೆದು, ಹಗ್ಗ ಬಿಚ್ಚಿ, ಮೇಯಲು ಬಿಟ್ಟೇಬಿಟ್ಟ. ಎತ್ತಿನ ಬಂಡಿಯಲ್ಲಿ ಹೋದರೂ, ನಡೆದು ಹೋದರೂ ಔರಾದ ಸೇರುವಾಗ ದೀಪ ಹಚ್ಚುವ ಹೊತ್ತು. ಇನ್ನು ಇಬ್ಬರ ಮಾನವೂ ಆ ಮಜ್ಜಿಗೆ ಕುಡಿದ ಇಂಜಿನಿನಲ್ಲಿತ್ತು.

ವಕೀಲರು ಆಗಲೇ ಮೋಟಾರಿನ ಕೆಳಗೆ ತೂರಿದ್ದರು. ತಳದ ತಿರುಪು ಬಿಚ್ಚಿದಾಗ ಮೊದಲು ಬರೀ ನೀರು ಬಂತು, ಆಮೇಲೆ ಬಿಳಿ ಗಸಿ. ಬಂತು, ಬಂತು, ಬರುತ್ತಲೇ ಇತ್ತು. ಕಾಶಪ್ಪನವರ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, “ಅಯ್ಯಯ್ಯ, ಒತ್ತಾಯ ಮಾಡಿ ಬಾಳ ಕುಡಿಸೀರಿ ಬಿಡ್ರಿ,” ಎಂದರು. ಯಾರಿಗೂ ನಗಲು ಧೈರ್ಯವಾಗಲಿಲ್ಲ. ವಕೀಲರು ದೀಪದ ಚಿಮಣಿ ಎಣ್ಣೆ, ಎಂದರೆ ಸೀಮೆಎಣ್ಣೆ, ತರಿಸಿ ಇಂಜಿನಿನ ಒಳಗೆಲ್ಲ ತೊಳೆದರು. ಕಿಡಿ ಹಾರಿಸುವ ಪ್ಲಗ್ಗುಗಳನ್ನು ಬಿಚ್ಚಿದರೆ ಅವೂ ಒದ್ದೆ.

“ಇವನ್ನ ಚಂದಂಗ ಒಣಗಿಸಬೇಕು. ಸುಡಬಾರದು,” ಎಂದರು.

“ಇಲ್ಲಿ ತಾರಪ್ಪ,” ಎಂದು ಆ ತಾಯಿ ಸೆರಗಿನಲ್ಲಿ ಇಸಿದುಕೊಂಡು ಒಳಗೆ ಹೋದರು. ಇಣುಕಿ ನೋಡಿದೆ. ರೊಟ್ಟಿಯ ಹಂಚಿನ ಮೇಲೆ ಪ್ಲಗ್ಗುಗಳನ್ನಿಟ್ಟು, ಬರಿಗೈಯಲ್ಲೇ ತಿರುವಿ ತಿರುವಿ ಹಾಕುತ್ತಿದ್ದರು.

ಈಗ ಇಂಜಿನಿಗೆ ಹೊಸ ಎಣ್ಣೆ ಬೇಕು. ವಕೀಲರ ಡಬ್ಬಿಯಲ್ಲಿ ತಳದಲ್ಲಷ್ಟೇ ಇತ್ತು. ಅವರು ತಲೆ ಮೇಲೆ ಕೈ ಹೊತ್ತು ಕೂತವರು, ಅಂಗಳದ ಬಂಡಿಯ ಅಡಿಗೆ, ಗಾಲಿಗೆ ಹಚ್ಚಲೆಂದು ತೂಗುಬಿಟ್ಟಿದ್ದ ಎಣ್ಣೆಯ ಗಡಿಗೆ ನೋಡಿ ಚಂಗನೆ ಎದ್ದರು. “ಔಡಲೆಣ್ಣಿ! ಔಡಲೆಣ್ಣಿ ಹಾಕಿ ಲಡಾಯದಾಗ ವಿಮಾನ ಹಾರಿಸ್ಯಾರ್ರಿ! ಮಾಮಾ, ಎಷ್ಟು ಸಿಗ್ತದೋ ಅಷ್ಟು!”

ನಮ್ಮಲ್ಲಿ ಹರಳೆಣ್ಣೆ ಎನ್ನುವುದನ್ನೇ ಇವರು ಔಡಲೆಣ್ಣೆ ಎನ್ನುವುದು. ಕಾಶಪ್ಪನವರು ರುಮಾಲು ಬಿಗಿದು ಓಣಿಗಿಳಿದರು. ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡಿದವರನ್ನು ನಾನು ಕಂಡಿಲ್ಲ. ಸ್ವಲ್ಪ ಹೊತ್ತಿನಲ್ಲಿ ಓಣಿಗೆ ಓಣಿಯೇ ಬಂತು. ಗಿಂಡಿಯಲ್ಲಿ, ಬುಡ್ಡಿಯಲ್ಲಿ, ತೆಂಗಿನ ಚಿಪ್ಪಿನಲ್ಲಿ ಎಣ್ಣೆ. ಬಾಣಂತಿಗೆಂದು ಇಟ್ಟಿದ್ದನ್ನೂ ಒಬ್ಬಾಕೆ ತಂದಳು. ಎಲ್ಲವನ್ನೂ ಕಾಶಪ್ಪನವರು ತಾವೇ ಬಟ್ಟೆಯಲ್ಲಿ ಸೋಸಿ, ಈ ಸಲ ಅಳಿಯನನ್ನು ಕೇಳಿ ಕೇಳಿ, ಆ ಎರಡನೇ ಬಾಯಿಗೆ ಸುರಿದರು. ನಾನೂ ಹೋಗಿ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡೆ.

ಎಣ್ಣೆ ದಪ್ಪ, ಇಂಜಿನು ತಣ್ಣಗೆ. ಹಿಡಿಕೆ ಯಾರಿಗೂ ತಿರುಗದು. ವಕೀಲರು ಹಲ್ಲು ಕಚ್ಚಿ ತಿರುವಿದರು. ಅದು ಹಿಂದಕ್ಕೆ ಒದೆದು ಅವರ ಮಣಿಕಟ್ಟು ಊದಿಕೊಂಡಿತು. ಎಲ್ಲರೂ ಪೈಲ್ವಾನರ ಕಡೆ ನೋಡಿದರು.

ಪುಟ್ಟಸ್ವಾಮಿ ಮುಂದೆ ಬಂದ. ಮಾಳಪ್ಪ ಅಡ್ಡ ನಿಂತ. “ನಿಮ್ಮ ಕೈ ಮುರಿದ್ರ ನಾ ಯಾರ ಸಂಗಟ ಹಿಡೀಬೇಕು? ಸರೀರಿ.”

“ನಿಮ್ಮ ಕೈ ಮುರಿದರೆ?”

“ನನ್ನ ಊರಿನ ತಪ್ಪು, ನನ್ನ ಕೈ.”

“ನನ್ನ ಕುಸ್ತಿ, ನನ್ನ ಕೈ!”

ಇನ್ನು ಅಲ್ಲೇ ಕುಸ್ತಿ ಶುರುವಾಗುವ ಹಾಗಿತ್ತು. ಸೂರ್ಯ ಬೇವಿನ ಮರದ ಆಚೆ ಸರಿದಿದ್ದ. ನಾನು ನಡುವೆ ನುಗ್ಗಿದೆ. “ಸರದಿಯ ಮೇಲೆ ತಿರುವಿ! ಅವನೆಷ್ಟು ದಣಿಯುತ್ತಾನೋ ಇವನೂ ಅಷ್ಟೇ ದಣಿಯಲಿ!” ಬೆಳಿಗ್ಗೆಯಿಂದ ಪುಟ್ಟಸ್ವಾಮಿಯ ಶಕ್ತಿಗೆ ಕಾವಲಿದ್ದವನು ನಾನೇ, ಅದನ್ನು ಅಂಗಳದಲ್ಲಿ ಸುರಿಯಿರೆಂದು ಕೂಗುವವನೂ ನಾನೇ.

“ಹೆಬ್ಬೆರಳು ಸುತ್ತಬ್ಯಾಡ್ರಿ!” ಎಂದು ವಕೀಲರು ಒದರಿದರು. “ಬರೇ ಬೆರಳಿನಿಂದ ಎತ್ತರಿ, ಒದ್ದರ ಕೈ ಬಿಟ್ಟುಕೊಡ್ತದ!”

ಹೇಳುವುದು ಸುಲಭ. ಸಿಕ್ಕಿದ್ದನ್ನು ಹೆಬ್ಬೆರಳು ಸುತ್ತಿ ಬಿಗಿಯುವುದನ್ನೇ ಹುಟ್ಟಿದಾಗಿನಿಂದ ಕಲಿತವರು ಅವರು. ಮಾಳಪ್ಪ ಬಿಗಿದ, ನಾನು ಕೂಗಿದೆ, ಬಿಟ್ಟ. ಪುಟ್ಟಸ್ವಾಮಿ ಬಿಗಿದ, ಊರೆಲ್ಲ ಕೂಗಿತು, ಬಿಟ್ಟ. ಒಬ್ಬ ಎತ್ತಿದ, ಇನ್ನೊಬ್ಬ ಎತ್ತಿದ. ಬೆವರು ಎಣ್ಣೆ ಒಂದಾಯಿತು. ಇಂಜಿನು ಒಮ್ಮೆ ಸೀನಿತು. ಮತ್ತೊಮ್ಮೆ ಮಾಳಪ್ಪ ಎತ್ತಿದಾಗ ಗುಡುಗಿತು ನೋಡಿ, ಮರದ ಕಾಗೆಗಳೆಲ್ಲ ಹಾರಿದವು! ಬಾಣಂತಿಯ ಕೋಣೆಯ ವಾಸನೆಯ ಹೊಗೆ ಅಂಗಳ ತುಂಬಿತು. ಹೆಂಗಸರು, ಗಂಡಸರು, ಮುದುಕರು, ಎಲ್ಲರೂ ಕೂಗಿದರು. ಕಾಶಪ್ಪನವರು ಮೋಟಾರಿನ ಮೂತಿಗೆ ಹಣೆ ಹಚ್ಚಿ ಅತ್ತೇಬಿಟ್ಟರು. ನನಗೂ ಕಣ್ಣು ತುಂಬಿತು. ಹೊಗೆ ಎಂದು ಹೇಳಲಾರೆ.

ಔರಾದ

ಊದಿದ ಕೈಯಲ್ಲಿ ವಕೀಲರು ಮೋಟಾರು ಓಡಿಸಿದರು. ಕಾಶಪ್ಪನವರು ಮುಂದೆ. ಹಿಂದಿನ ಸೀಟಿನಲ್ಲಿ ಇಬ್ಬರು ಪೈಲ್ವಾನರ ನಡುವೆ ನಾನು, ಕಬ್ಬಿನ ಗಾಣಕ್ಕೆ ಸಿಕ್ಕಂತೆ. ಪ್ರತಿ ಹಳ್ಳಕ್ಕೂ ಒಂದು ಕಡೆಯಿಂದ ಒಬ್ಬ ಬೀಳುತ್ತಿದ್ದ. ಸೂರ್ಯ ಎಡಗಡೆ ಇಳಿಯುತ್ತಿದ್ದ. ಇಂಜಿನಿನ ಒಂದೊಂದು ಕೆಮ್ಮಿಗೂ ಐವರೂ ಉಸಿರು ಹಿಡಿಯುತ್ತಿದ್ದೆವು.

ಔರಾದದ ಬಯಲಿನಲ್ಲಿ ಜನವೋ ಜನ. ಹಲಗೆ ಬಾರಿಸುವವರ ಸದ್ದು ನಿಂತಿತ್ತು. ರುಮಾಲು ಸುತ್ತಿದ ಪಂಚರೊಬ್ಬರು ಎತ್ತರದಲ್ಲಿ ನಿಂತು ಪುಟ್ಟಸ್ವಾಮಿಯ ಹೆಸರು ಕೂಗಿ ಸುತ್ತ ನೋಡಿದರು. ಮಾಳಪ್ಪನ ಹೆಸರು ಕೂಗಿ ಇನ್ನೂ ಗಾಬರಿಯಾದರು. ಇಬ್ಬರೂ ಬರದ ಕುಸ್ತಿಯನ್ನು ಔರಾದ ಯಾವತ್ತೂ ಕಂಡಿರಲಿಲ್ಲ. ಆಗ ವಕೀಲರು ಕೊಂಬು ಒತ್ತಿದರು, ಬಿಡಲೇ ಇಲ್ಲ. ಜನ ಸೀಳಿ ದಾರಿಯಾಯಿತು. ಒಂದೇ ಮೋಟಾರಿನಿಂದ, ಎರಡು ಕಡೆಗೆ, ಎಣ್ಣೆ ಮಸಿಯ ಇಬ್ಬರು ಪೈಲ್ವಾನರು ಧುಮುಕಿದಾಗ ಬಯಲು ಬಿರಿಯುವಂತೆ ಕೇಕೆ ಎದ್ದಿತು!

ಅಖಾಡದಲ್ಲಿ ಕೆಂಪು ಮಣ್ಣೇ ಇತ್ತು. ಇಬ್ಬರೂ ಕೈಗೆ ಮಣ್ಣು ಹಚ್ಚಿ ಹಚ್ಚಿ ಔಡಲೆಣ್ಣೆ ತೆಗೆದರು. ಆಮೇಲೆ ನಡೆದದ್ದನ್ನು ನಾನು ಕೂತು ನೋಡಲಿಲ್ಲ. ಪಕ್ಕದವರ ಹೆಗಲು ಹಿಡಿದು ಕುಣಿದೆ, ಕೂಗಿದೆ, ಗೊತ್ತಿಲ್ಲದ ಉರ್ದುವಿನಲ್ಲಿಯೂ ಕೂಗಿದೆ. ಪುಟ್ಟಸ್ವಾಮಿ ಒಮ್ಮೆ ಮಾಳಪ್ಪನನ್ನು ಎತ್ತಿಯೇಬಿಟ್ಟಿದ್ದ. ಅವನು ಗಾಳಿಯಲ್ಲೇ ತಿರುಗಿ ಕಾಲೂರಿದ. ಬೆಳಕು ಕೆಂಪಾಯಿತು. ಇಬ್ಬರ ತೋಳೂ ನಡುಗುತ್ತಿದ್ದವು. ಅದು ಯಾವ ಹಿಡಿಕೆಯ ನಡುಕ ಎಂದು ನನಗೆ ಗೊತ್ತಿತ್ತು. ಕಡೆಗೆ ಮಾಳಪ್ಪ ಒಳಗೆ ನುಗ್ಗಿ, ಹೆಗಲ ಮೇಲಿಂದ ಎತ್ತಿ ಒಗೆದ. ಪುಟ್ಟಸ್ವಾಮಿಯ ಬೆನ್ನು ಮಣ್ಣಿಗೆ ಹತ್ತಿತು.

ಸೋತೆವು. ಮಾಳಪ್ಪನೇ ಕೈ ಕೊಟ್ಟು ಎಬ್ಬಿಸಿ, ಬೆನ್ನಿನ ಮಣ್ಣು ಒರೆಸಿದ. ಕಾಶಪ್ಪನವರು ತಮ್ಮ ರುಮಾಲನ್ನು ಬಿಚ್ಚಿ ಪುಟ್ಟಸ್ವಾಮಿಯ ತಲೆಗೆ ಸುತ್ತಿದರು. ನಾನು ಮಾತ್ರ ಜಗತ್ತಿನ ಮೇಲೆಲ್ಲ ಸಿಟ್ಟು ಮಾಡಿಕೊಂಡು ಮೋಟಾರಿನ ಮರೆಗೆ ಹೋಗಿ ಕೂತೆ. ಆ ಒಂದು ಕೊಡ ನೀರಿಲ್ಲದಿದ್ದರೆ ಗೆಲ್ಲುತ್ತಿದ್ದೆವು ಎಂದು ಗೊಣಗುತ್ತಿದ್ದೆ. ಪುಟ್ಟಸ್ವಾಮಿ ಹುಡುಕಿಕೊಂಡು ಬಂದ. ಕೂದಲ ತುಂಬ ಕೆಂಪು ಮಣ್ಣು, ಮುಖದ ತುಂಬ ನಗು.

“ಸೋತು ನಗ್ತೀಯಲ್ಲೋ!” ಎಂದೆ.

“ಸಂತಪುರದಲ್ಲಿ ಕೂತು ಸೋತಿದ್ರೆ ಅಳ್ತಿದ್ದೆ ಯಜಮಾನ್ರೇ,” ಎಂದ. “ಇಲ್ಲಿಗೆ ಬಂದು, ನಿಂತು, ಬಿದ್ದು ಸೋತಿದ್ದೀನಿ. ಏಳಿ, ಊಟಕ್ಕೆ ಕರೀತಾವ್ರೆ. ಮಾಳಪ್ಪಣ್ಣ ನಿಮ್ಮನ್ನ ಬಿಟ್ಟು ಕೂರಲ್ಲ ಅಂತವ್ನೆ.”